ಕಾಡಿಗೆ ಅರೆಯುತ್ತಿದ್ದ ಅಕ್ಕೋರು

ಅವರು ತೀರಿಹೋದ ಸುದ್ದಿ ನನಗೆ ತಡವಾಗಿ ಬಂತು. ಅವರ ತಮ್ಮನ ಮಗಳು ವಿಜಾಪುರದಿಂದ ಫೋನು ಮಾಡಿ, “ನಮ್ಮ ಅತ್ತಿ ಹೋಗಿ ತಿಂಗಳ ಮ್ಯಾಲಾತ್ರಿ. ನಿಮ್ಮ ನಂಬರ್ ಈಗ ಸಿಕ್ತು ನೋಡ್ರಿ” ಎಂದಳು. ಮಧ್ಯಾಹ್ನ ಉಂಡು ಅಡ್ಡಾದವರು ಏಳಲೇ ಇಲ್ಲವಂತೆ. ನಾನು ಏನೇನೋ ಕೇಳಿದೆ, ಅವಳು ಏನೇನೋ ಹೇಳಿದಳು. ಫೋನಿಟ್ಟ ಮೇಲೆ ಅಡುಗೆಮನೆಗೆ ಹೋಗಿ ನಿಂತೆ. ನನ್ನ ಕಣ್ಣಿಗೆ ಕಟ್ಟಿದ್ದು ಅವರ ಮುಖವಲ್ಲ, ಬಲಗೈ ಹೆಬ್ಬೆರಳು. ಅದರ ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಒಂದು ಕಪ್ಪು ಗೆರೆ ಇರುತ್ತಿತ್ತು.

ವಿಜಾಪುರದಲ್ಲಿ ಅವರು ಹೆಣ್ಣುಮಕ್ಕಳ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಆ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಸಂಶೋಧನೆಗೆಂದು ನೆದರ್ಲೆಂಡ್ಸ್‌ಗೆ ಹೋಗಿ ಅಲ್ಲೇ ಉಳಿದು, ಕೂದಲು ಪೂರ್ತಿ ಬೆಳ್ಳಗಾದ ಮೇಲೂ ಅಲ್ಲಿನ ಕನ್ನಡದವರಿಗೆಲ್ಲ ಅವರು ಅಕ್ಕೋರೇ ಆಗಿದ್ದರು. ಮೈಸೂರಿನವಳಾದ ನಾನೂ ಹಾಗೇ ಕರೆದೆ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನನ್ನ ಗಂಡ ರಘುವಿಗೆ ನೂರ್ಡ್‌ವೈಕ್‌ನ ಬಾಹ್ಯಾಕಾಶ ಕೇಂದ್ರದಲ್ಲಿ ಗುತ್ತಿಗೆಯ ಕೆಲಸ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಸಮುದ್ರದ ಗಾಳಿ ಕಿಟಕಿಗೆ ಮರಳು ತಂದು ಎರಚುತ್ತಿದ್ದ ಆ ಫ್ಲ್ಯಾಟಿನಲ್ಲಿ ನಾನು ಮೂರನೇ ಮಹಡಿ, ಅಕ್ಕೋರು ನೆಲಮಹಡಿ. ಸೀರೆಯ ಕೆಳಗೆ ಉಣ್ಣೆಯ ಸಾಕ್ಸು, ಮೇಲೆ ಮೊಣಕಾಲು ದಾಟುವ ಕೋಟು ತೊಟ್ಟು ಅವರು ಬೆಳಿಗ್ಗೆ ಲೈಡನ್‌ನ ಬಸ್ಸಿಗೆ ನಿಂತಿರುತ್ತಿದ್ದರು. ಬಸ್ಸಿನಲ್ಲಿ ಎದುರು ಕೂತವರ ಮುಖವನ್ನು ನಾಚಿಕೆಯಿಲ್ಲದೆ ನೋಡುತ್ತಿದ್ದರು. ಒಮ್ಮೆ ನನ್ನ ಕಿವಿಯಲ್ಲಿ, “ಆಕಿ ಬಿಳೀ ಬಣ್ಣದಾಕಿ ಅಲ್ಲ ತಂಗಿ. ಸುಣ್ಣದೊಳಗ ಚೂರು ಕಾವಿ ಬಿದ್ದೈತಿ, ಗದ್ದದ ಕೆಳಗ ಒಂದೀಟು ನೀಲಿ” ಎಂದಿದ್ದರು. ಆ ಡಚ್ ಅಜ್ಜಿ ಏನೆಂದುಕೊಂಡಳೋ, ಮುಂದಿನ ಸ್ಟಾಪಿನಲ್ಲಿ ಇಳಿದುಹೋದಳು.

ಸಾವಿರಾರು ವರ್ಷದ ಹಿಂದೆ ಸತ್ತವರ ಅಲಂಕಾರದ ಡಬ್ಬಿಗಳನ್ನು ಕೆರೆಯುವುದು ಅವರ ಕೆಲಸ. ಈಜಿಪ್ಟಿನ ಗೋರಿಗಳಲ್ಲಿ, ರೋಮಿನ ಹಾಳು ಮನೆಗಳಲ್ಲಿ ಸಿಕ್ಕ ಕಲ್ಲಿನ, ಗಾಜಿನ ಪುಟ್ಟ ಭರಣಿಗಳು ಅವರ ಪ್ರಯೋಗಾಲಯಕ್ಕೆ ಬರುತ್ತಿದ್ದವು. ತಳದಲ್ಲಿ ಒಣಗಿ ಅಂಟಿದ್ದನ್ನು ಸಾಸಿವೆಯಷ್ಟು ಎಬ್ಬಿಸಿ, ಅದೇನೆಂದು ಕಂಡುಹಿಡಿಯಬೇಕು. ನನ್ನನ್ನು ಒಂದು ದಿನ ಕರೆದುಕೊಂಡು ಹೋಗಿ ತೋರಿಸಿದರು. “ಇದು ಸೀಸದ ಅದಿರು. ಕರೀ ಹರಳು ಇರ್ತಾವಲ್ಲ, ಅವನ್ನ ಕಲ್ಲಿನ ಮ್ಯಾಲ ನುಣ್ಣಗ ಅರದು, ಬಾತುಕೋಳಿ ಕೊಬ್ಬಿನಾಗ ಕಲಸ್ಯಾರ. ಕಣ್ಣಿಗೆ ಹಚ್ಚಲಿಕ್ಕೆ. ಇದು ತಾಮ್ರದ ಹಸರು ಕಲ್ಲು, ರೆಪ್ಪಿ ಮ್ಯಾಲ. ಇದು ನಮ್ಮ ಕೆಮ್ಮಣ್ಣು, ಗಲ್ಲಕ್ಕ, ತುಟಿಗೆ. ಗಂಡಸರೂ ಹಚ್ಚತಿದ್ರು, ಮಕ್ಕಳಿಗೂ ಹಚ್ಚತಿದ್ರು. ಬಿಸಲಿಗೆ, ನೊಣಕ್ಕ, ಕಣ್ಣ ಬ್ಯಾನಿಗೆ. ಬರೇ ಚಂದಕ್ಕ ಅಂತ ತಿಳಕೋಬ್ಯಾಡ.”

ಒಂದು ಭರಣಿಯ ಬಾಯಿ ಕಿರುಬೆರಳು ಹೋಗುವಷ್ಟೇ ಇತ್ತು. ಅದರೊಳಗೆ ದೀಪ ಹಿಡಿದು ತೋರಿಸಿದರು. ಒಣಗಿದ ಕಪ್ಪು ಒಂದು ಪಕ್ಕದಲ್ಲಿ ತಳ ಕಾಣುವಷ್ಟು ಬಳಿದು ಹೋಗಿತ್ತು. “ಕಡೀಕ ತಳ ಕೆರದಾಳ ನೋಡು. ಮುಗೀತು ಅಂತ ಗೊತ್ತಾಗೈತಿ ಆಕಿಗೆ. ಮತ್ತ ತುಂಬಲಿಕ್ಕೆ ಆಗಿಲ್ಲ” ಎಂದು, ಆ ಭರಣಿಯನ್ನು ಹತ್ತಿಯ ಮೇಲೆ ಮಲಗಿಸಿದರು.

ಭರಣಿಯಲ್ಲಿ ಕಂಡದ್ದನ್ನು ಕೈಯಾರೆ ಮತ್ತೆ ಮಾಡಿ ನೋಡದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ. ವಿಷದ್ದನ್ನು ಬಿಟ್ಟು ಉಳಿದದ್ದೆಲ್ಲ ಮನೆಯ ಅಡುಗೆಕಟ್ಟೆಯ ಮೇಲೆ ನಡೆಯುತ್ತಿತ್ತು. ರೊಟ್ಟಿಯ ಹಂಚಿನ ಪಕ್ಕದಲ್ಲಿ ಅರಗು ಕುದಿಸಿ, ನಮ್ಮ ಹಳೆಯ ಕಾಲದ ಹೆಂಗಸರು ಪಾದಕ್ಕೆ ಹಚ್ಚುತ್ತಿದ್ದ ಅಲತಿಗೆ ಮಾಡಿದರು. ಜೇನುಮೇಣ ಕರಗಿಸಿ ತುಟಿಯ ಬಣ್ಣ ಮಾಡಿದರು. ಗ್ರೀಸಿನ, ರೋಮಿನ ಶ್ರೀಮಂತ ಹೆಂಗಸರು ಮುಖ ಬೆಳ್ಳಗಾಗಲೆಂದು ಬಳಿದುಕೊಳ್ಳುತ್ತಿದ್ದ ಸೀಸದ ಬಿಳುಪಿನ ಬಗ್ಗೆ ಮಾತ್ರ ಬಾಯಲ್ಲೇ ಹೇಳಿದರು: “ಸೀಸದ ತಗಡನ್ನ ಗಡಿಗಿಯೊಳಗ ವಿನೆಗರ್ ಹುಳಿ ಮ್ಯಾಲ ಇಟ್ಟು ಮುಚ್ಚಿಬಿಡೂದು. ತಿಂಗಳಗಟ್ಟಲೆ ಬಿಟ್ರ ಬೆಳ್ಳಗ ಬೂಷ್ಟು ಬಂದಂಗ ಬರತೈತಿ. ಕೆರದು ತೊಳದು ಪುಡಿ ಮಾಡೂದು. ಈ ಡಚ್ ಮಂದಿ ಗ್ವಾಡಿಗೆ ಹಚ್ಚೋ ಬಣ್ಣಕ್ಕಂತ ಅದನ್ನ ಕುದರಿ ಲದ್ದಿಯೊಳಗ ಹುಗದು ಮಾಡತಿದ್ರು. ಗ್ವಾಡಿಗೇನೂ ಆಗೂದಿಲ್ಲ. ಮೈಗೆ ಹತ್ತಿದ್ರ ಹೊಟ್ಟಿ ನೋವು, ಕೈ ಜೋಮು, ಹಲ್ಲು ಕರ್ರಗಾಗೂದು. ಅದು ಕಾಣಬಾರದು ಅಂತ ಮತ್ತಷ್ಟು ಬಳಕೊಳ್ಳೂದು.”

ಮುಚ್ಚಿಡುವ ಬಣ್ಣಗಳ ಮೇಲೆ ಅವರಿಗೆ ಒಂಥರಾ ಸಿಟ್ಟಿತ್ತು. ರೋಮಿನಲ್ಲಿ ಗುಲಾಮರ ಹಣೆಗೆ ಮುದ್ರೆ ಒತ್ತುತ್ತಿದ್ದರಂತೆ, ಬಿಡುಗಡೆಯಾದವರು ಅದರ ಮೇಲೆ ತೆಳು ಚರ್ಮದ ತುಂಡು ಅಂಟಿಸಿಕೊಂಡು ಓಡಾಡುತ್ತಿದ್ದರಂತೆ. “ಒತ್ತಿದಾವ ಮೀಸಿ ತಿರುವಿಕೊಂಡು ಅಡ್ಡಾಡತಿದ್ದ. ಒತ್ತಿಸಿಕೊಂಡಾವ ಮುಚ್ಚಿಕೊಂಡು ಅಡ್ಡಾಡತಿದ್ದ” ಎಂದು ಹೇಳಿ ರೊಟ್ಟಿಯನ್ನು ಬಡಬಡನೆ ಬಡಿದರು.

ಅವರು ಮನಸಾರೆ ಮಾಡುತ್ತಿದ್ದದ್ದು ಕಾಡಿಗೆ. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಕವುಚಿ, ಕೂತ ಮಸಿಯನ್ನು ಕೆರೆದು ತುಪ್ಪದಲ್ಲಿ ಅರೆಯುವರು. ಸೀಸ ಗೀಸ ಏನೂ ಇಲ್ಲದ, ಕಣ್ಣಿಗೆ ತಣ್ಣಗಿನ ಕಾಡಿಗೆ. ಕನ್ನಡದವರಲ್ಲಿ ಯಾರಿಗೆ ಮಗುವಾದರೂ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಅಕ್ಕೋರ ಕಾಡಿಗೆ ಡಬ್ಬಿ ತಲುಪಿರುತ್ತಿತ್ತು. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಅದರ ಮುಖ ನೋಡುತ್ತಾ ಕೂರುವಾಗ ಮಾತ್ರ ಅವರು ಬಣ್ಣದ ಲೆಕ್ಕ ಹಾಕುತ್ತಿರಲಿಲ್ಲ.

ಅದು ನಿಂತದ್ದು ಹೀಗೆ.

ಒಂದು ಚಳಿಗಾಲ, ರಾಟರ್‌ಡ್ಯಾಮಿನ ಪಕ್ಕದ ಕಾಪೆಲ್ಲೆಯಲ್ಲಿ ಕೆಲಸಕ್ಕಿದ್ದ ಗದಗಿನ ಹುಡುಗನೊಬ್ಬ ಹಿಮಗಟ್ಟಿದ ರಸ್ತೆಯಲ್ಲಿ ಸೈಕಲ್ಲಿನಿಂದ ಬಿದ್ದು ತೀರಿಹೋದ. ದೇಹವನ್ನು ಊರಿಗೆ ಕಳಿಸಬೇಕಿತ್ತು. ಡಚ್ಚರು ಅಂತ್ಯಕ್ರಿಯೆಗೆ ‘ಹೊರಪಯಣ’ ಎಂಬರ್ಥದ ಮಾತು ಬಳಸುತ್ತಾರೆ. ಅದನ್ನು ನಡೆಸಿಕೊಡುವವರ ಕಟ್ಟಡಕ್ಕೆ ಹೋಗಿ ಬಂದ ರಘು ನಮ್ಮ ಮನೆಯಲ್ಲಿ ಕುಸಿದು ಕೂತ. ಅಕ್ಕೋರೂ ಅಲ್ಲಿದ್ದರು.

“ಅವ್ನ ಥರಾನೇ ಇಲ್ಲ ಅಕ್ಕೋರೇ. ಮುಖಕ್ಕೆ ಪಿಂಕ್ ಪೌಡರ್ ಹಾಕ್ಬಿಟ್ಟಿದ್ದಾರೆ. ಅವ್ರ ಹತ್ರ ಬೇರೆ ಕಲರ್ರೇ ಇಲ್ವಂತೆ. ಅವ್ರಮ್ಮ ನೋಡಿದ್ರೆ ನನ್ ಮಗ ಅಲ್ಲ ಅಂತಾರೆ.”

ಅಕ್ಕೋರು, “ಆ ಹುಡುಗಂದು ಫೋಟೋ ಐತೇನು? ಬಿಸಲಿನ್ಯಾಗ ತಗದದ್ದು?” ಎಂದರು.

ಹಳದಿ ಮಣ್ಣು, ಕೆಮ್ಮಣ್ಣು, ಸುಟ್ಟ ಕಂದು ಮಣ್ಣು, ಸ್ವಲ್ಪ ಇದ್ದಿಲು, ಕೊಬ್ಬರಿ ಎಣ್ಣೆ. ಈಜಿಪ್ಟಿನವರು ತಮ್ಮ ಸತ್ತವರಿಗೆ ಹಚ್ಚುತ್ತಿದ್ದ ಅದೇ ಮಣ್ಣುಗಳು. ಅವನ್ನೆಲ್ಲ ಒಂದು ಸ್ಟೀಲಿನ ಡಬ್ಬಿಗೆ ತುಂಬಿಕೊಂಡು ಹೋಗಿ, ಆ ಪಿಂಕನ್ನು ಒರೆಸಿ, ಅವನ ಬಣ್ಣ ಅವನಿಗೆ ಹಚ್ಚಿ ಬಂದರು. ಗದಗಿನಿಂದ ಫೋನು ಬಂತು: ಮಗ ಮಲಗಿದ ಹಾಗಿದ್ದನಂತೆ.

ಆಮೇಲೆ ಆ ಕಟ್ಟಡದ ಡಚ್ ಹೆಂಗಸು ತಾನೇ ಫೋನು ಮಾಡತೊಡಗಿದಳು. ಸುರಿನಾಮ್ ದೇಶದಿಂದ ಬಂದು ಹೇಗ್ ಊರಿನಲ್ಲಿ ನೆಲೆಸಿದ ಹಿಂದೂ ಮನೆತನಗಳು, ತಮಿಳರು, ಯಾರ ಮನೆಯಲ್ಲಿ ಸಾವಾದರೂ ಅಕ್ಕೋರು ಹೋಗುವರು. ವಿಷಯ ಕನ್ನಡದವರಲ್ಲಿ ಹಬ್ಬಿತು. ಅರಿಶಿನ ಕುಂಕುಮಕ್ಕೆ ಕರೆಯುವುದು ಮೊದಲು ನಿಂತಿತು. ಆಮೇಲೆ ಹೆರಿಗೆಯಾದ ಮನೆಗಳು ಮೆಲ್ಲಗೆ ಸುಳ್ಳು ಹೇಳತೊಡಗಿದವು, ಮಗು ಮಲಗಿದೆ, ಜ್ವರ ಬಂದಿದೆ ಎಂದು. ಒಬ್ಬ ಬಾಣಂತಿಯ ತಾಯಿ ಬೆಂಗಳೂರಿನಿಂದ ಬಂದಿದ್ದವರು, “ಹೆಣ ಮುಟ್ಟೋ ಕೈಯಿಂದ ಮಗೂಗೆ ಕಾಡಿಗೆನಾ? ಬೇಡಮ್ಮ” ಎಂದು ಡಬ್ಬಿಯನ್ನು ಬಾಗಿಲಲ್ಲೇ ಹಿಂದಕ್ಕೆ ಕೊಟ್ಟರು. ಅಕ್ಕೋರು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು ನನ್ನ ಜೊತೆ ಬಸ್ ಸ್ಟಾಪಿಗೆ ನಡೆದರು. ಬಸ್ಸು ಹತ್ತುವಾಗ, “ಅವ್ರದೇನ್ ತಪ್ಪಿಲ್ಲ ಬಿಡು. ಅಂಜಿಕಿ” ಎಂದರು. ಆಮೇಲೆ ಕಾಡಿಗೆಯ ದೀಪ ಹಚ್ಚಲಿಲ್ಲ.

ವೀಣಾಳನ್ನು ನಾವು ಕಂಡದ್ದು ಒಂದು ದೀಪಾವಳಿಯ ಕೂಟದಲ್ಲಿ. ದಾವಣಗೆರೆಯ ಹುಡುಗಿ, ಮದುವೆಯಾಗಿ ಒಂದೂವರೆ ವರ್ಷವಾಗಿತ್ತೇನೋ. ಗಂಡ ಕಾಪೆಲ್ಲೆಯ ಕಚೇರಿಯೊಂದರಲ್ಲಿ ಒಳ್ಳೆಯ ಕೆಲಸದಲ್ಲಿದ್ದ, ನಗುನಗುತ್ತಾ ಎಲ್ಲರಿಗೂ ತಟ್ಟೆ ಹಂಚುತ್ತಿದ್ದ. ವೀಣಾ ಮುಖಕ್ಕೆ ತನ್ನ ಬಣ್ಣಕ್ಕಿಂತ ಬಿಳುಪಾದ ಫೌಂಡೇಷನ್ನನ್ನು ದಪ್ಪಕ್ಕೆ ಬಳಿದುಕೊಂಡಿದ್ದಳು. ಅಕ್ಕೋರು ಅವಳನ್ನೇ ನೋಡುತ್ತಿದ್ದರು. ಹತ್ತಿರ ಹೋಗಿ, “ಇಷ್ಟ್ಯಾಕ ಬಳಕೊಂಡಿ ಮಗಳ? ಮುಖ ತೊಳಕೊಂಡು ಬಾ, ನಿನ್ನ ಬಣ್ಣಕ್ಕ ಒಪ್ಪೋದು ನಾ ಮಾಡಿ ಕೊಡ್ತೀನಿ” ಎಂದರು.

“ಬ್ಯಾಡ ಬಿಡ್ರಿ ಆಂಟಿ. ಇದೇ ಚೆನ್ನಾಗೈತೆ” ಎಂದ ವೀಣಾ ಸೆರಗು ಎಳೆದುಕೊಂಡು ಗಂಡ ಇದ್ದ ಕಡೆ ನೋಡಿದಳು. ಅಷ್ಟೇ. ವಾಪಸು ಬರುವಾಗ ರೈಲಿನಲ್ಲಿ ಅಕ್ಕೋರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ದಣಿದಿದ್ದಾರೆಂದು ನಾನೂ ಮಾತಾಡಿಸಲಿಲ್ಲ.

ಫೆಬ್ರವರಿಯಲ್ಲಿ ವೀಣಾ ಸತ್ತಳು. ಆ ದೇಶದ ಮನೆಗಳ ಮೆಟ್ಟಿಲು ಏಣಿಯಷ್ಟೇ ಕಡಿದು. ಬಟ್ಟೆಯ ಬುಟ್ಟಿ ಹಿಡಿದು ಇಳಿಯುವಾಗ ಜಾರಿದಳು ಎಂದು ಗಂಡ ಹೇಳಿದ. ಬಂದ ಡಾಕ್ಟರು ಅಪಘಾತವೆಂದು ಬರೆದುಕೊಟ್ಟರು. ಗಂಡ ಅಕ್ಕೋರಿಗೆ ಫೋನು ಮಾಡಿದ. ಸೀರೆ ಉಡಿಸಲು ಇನ್ನೊಬ್ಬರು ಬೇಕೆಂದು ನಾನೂ ಹೋದೆ.

ಅವನು ಬಾಗಿಲ ಹೊರಗೆ ನಿಂತಿದ್ದ. ಕಣ್ಣು ಕೆಂಪಗಿತ್ತು. “ಮುಖ ಚೆನ್ನಾಗಿ ಕಾಣೋ ಹಾಗೆ ಮಾಡಿ ಅಕ್ಕೋರೇ. ಪೆಟ್ಟಿಗೆಗೆ ಮುಖದ ಹತ್ರ ಗ್ಲಾಸ್ ಹಾಕಿಸ್ತಿದ್ದೀನಿ. ಅವ್ರಪ್ಪ ಅಮ್ಮ ನೋಡ್ತಾರೆ” ಎಂದ. ನಾವು ಒಳಗೆ ಹೋಗುವಷ್ಟರಲ್ಲಿ ಮತ್ತೆ ಕರೆದು, “ಕುತ್ತಿಗೆ ಹತ್ರ ಒಂದ್ಸ್ವಲ್ಪ ಜಾಸ್ತಿನೇ ಹಾಕಿ” ಎಂದ.

ತಣ್ಣನೆಯ ಕೋಣೆ. ವೀಣಾಳ ಮುಖದಲ್ಲಿ ಈಗ ಏನೂ ಬಳಿದಿರಲಿಲ್ಲ. ನಾನು ಅವಳನ್ನು ನಿಜವಾಗಿ ನೋಡಿದ್ದು ಅವತ್ತೇ. ಎಣ್ಣೆಗೆಂಪು ಬಣ್ಣದ, ಇನ್ನೂ ಹುಡುಗಾಟ ಬಿಡದಂಥ ಮುಖ. ಅಕ್ಕೋರು ಹತ್ತಿಯಿಂದ ಒರೆಸುತ್ತಾ ಬಂದವರು ದವಡೆಯ ಕೆಳಗೆ ಕೈ ನಿಲ್ಲಿಸಿದರು. ಆಮೇಲೆ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದರು.

“ತಂಗಿ, ಇಲ್ಲಿ ಬಾ. ಹಣಿ ಮ್ಯಾಲಿಂದು ಹೊಸಾದು, ನೇರಳಿ ಐತಿ. ಇದು ನೋಡು, ದವಡಿ ಕೆಳಗಿಂದು, ಹಸರಾಗೈತಿ. ತೋಳಿನ ಮ್ಯಾಲಿನವು ಹಳದಿ. ಬೆರಳು ಮೂಡ್ಯಾವ. ಒಂದ ಸಲ ಬಿದ್ದಾಕಿಗೆ ಇಷ್ಟು ಥರದ ಬಣ್ಣ ಬರೂದಿಲ್ಲ.”

ಅವರು ಕಲಸಿದ್ದ ಬಣ್ಣ ಬೋಗುಣಿಯಲ್ಲಿ ಸಿದ್ಧವಿತ್ತು. ಬೆರಳಿನಿಂದ ಒಮ್ಮೆ ಸವರಿದರೆ ಆಯಿತು, ಎಲ್ಲ ಮಾಯ.

“ಇಲ್ಲಿ ನಾ ಹಚ್ಚೂದಿಲ್ಲ” ಎಂದರು.

“ಅಕ್ಕೋರೇ, ಹೇಳಿದ್ರೆ ಬಾಡಿ ಕಳ್ಸೋದೇ ನಿಂತೋಗುತ್ತೆ. ಅಲ್ಲಿ ಅವ್ರಮ್ಮ ಕಾಯ್ತಿರ್ತಾರೆ.”

“ಗೊತ್ತೈತಿ.” ಕೈಗವಸು ಬಿಚ್ಚಿ ಮಡಿಸಿಟ್ಟರು. “ದೀಪಾವಳಿ ದಿನಾನೇ ನನಗ ಕಂಡಿತ್ತು. ಯಾರರೆ ಅಷ್ಟು ದಪ್ಪ ಯಾಕ ಬಳಕೋತಾರ? ಜೀವಮಾನ ಪೂರ್ತಿ ಅದನ್ನ ಓದೀನಿ. ಕಂಡೂ ಸುಮ್ಮನ ರೈಲು ಹತ್ತಿದೆ.”

ಅವರು ಹೊರಗೆ ಹೋಗಿ, ಗಂಡನ ಎದುರೇ ಹಾದು, ಡಚ್ ಹೆಂಗಸಿನ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ವೀಣಾಳ ಪಕ್ಕದಲ್ಲಿ ನಾನೊಬ್ಬಳೇ, ಅರ್ಧ ಉಡಿಸಿದ ಸೀರೆಯ ನೆರಿಗೆ ಹಿಡಿದುಕೊಂಡು ನಿಂತಿದ್ದೆ.

ಪೊಲೀಸರು ಬಂದರು, ದೇಹವನ್ನು ಮತ್ತೆ ಪರೀಕ್ಷೆಗೆ ಒಯ್ದರು. ವಾರಗಳು ಹೋದವು. ಅಕ್ಕೋರಿಗೆ ಎಂಥೆಂಥ ಫೋನುಗಳು ಬಂದವೆಂದು ಬರೆಯಲಾರೆ. ‘ನಮ್ಮವರ ಮರ್ಯಾದೆ ತೆಗೆದವಳು’ ಎಂಬುದು ಅದರಲ್ಲಿ ಮೆತ್ತಗಿನ ಮಾತು. ಕೊನೆಗೆ ಸಾವು ಬಿದ್ದದ್ದರಿಂದಲೇ ಆಗಿದೆ, ಹಳೆಯ ಗಾಯಗಳನ್ನು ಯಾರು ಮಾಡಿದರೆಂದು ಸಾಬೀತು ಮಾಡಲಾಗದು ಎಂದು ತನಿಖೆ ಮುಗಿಯಿತು. ಗಂಡ ಬೇರೆ ದೇಶಕ್ಕೆ ಕೆಲಸ ಹುಡುಕಿಕೊಂಡು ಹೋದ. ವೀಣಾ ಮಾತ್ರ ತೋರಿಸುವ ಸ್ಥಿತಿಯಲ್ಲಿ ಉಳಿದಿರಲಿಲ್ಲ. ಗಾಜಿಲ್ಲದ, ಬೆಸುಗೆ ಹಾಕಿದ ಪೆಟ್ಟಿಗೆ ದಾವಣಗೆರೆಗೆ ಹೋಯಿತು. ತೆರೆಯಬಾರದೆಂದು ಮೇಲೆ ಬರೆದಿತ್ತು.

ಆ ಬೇಸಿಗೆ ನಾನು ಮೈಸೂರಿನಲ್ಲಿದ್ದಾಗ ಅಕ್ಕೋರೂ ರಜೆಗೆ ವಿಜಾಪುರಕ್ಕೆ ಬಂದಿದ್ದರು. ಫೋನು ಮಾಡಿ, “ದಾವಣಗೇರಿಗೆ ಹೋಗೂದೈತಿ. ಬರ್ತೀಯೇನು?” ಎಂದರು. ಬೇಡ ಅಕ್ಕೋರೇ, ಬೈಸಿಕೊಳ್ಳೋಕೆ ಯಾಕೆ ಹೋಗ್ತೀರಿ ಎಂದೆ. “ಬೈಸಿಕೊಳ್ಳಲಿಕ್ಕೇ ಹೊಂಟೀನಿ” ಎಂದರು.

ವೀಣಾಳ ತಂದೆ ನಮ್ಮನ್ನು ಕಂಡದ್ದೇ ಎದ್ದು ಹಿತ್ತಲಿಗೆ ಹೋದವರು ತಿರುಗಿ ಬರಲಿಲ್ಲ. ತಾಯಿ ಕುರ್ಚಿ ತೋರಿಸಿದರು. ಗೋಡೆಯ ಮೇಲೆ ವೀಣಾಳ ಮದುವೆಯ ಫೋಟೋ, ಗಂಡ ಇದ್ದ ಅರ್ಧವನ್ನು ಕತ್ತರಿಸಿ ಕಟ್ಟು ಹಾಕಿಸಿದ್ದರು.

“ಪೆಟ್ಟಿಗೆ ನಿಲ್ಲಿಸಿದೋರು ನೀವೇನಾ?”

“ಹೌದ್ರಿ. ನಾನ.”

“ಅವತ್ತು ಮುಖ ಹೆಂಗಿತ್ತು?”

ಚೆನ್ನಾಗಿತ್ತು ಎಂದುಬಿಡಲಿ ಎಂದು ನಾನು ಒಳಗೇ ಬೇಡಿಕೊಂಡೆ. ಅಕ್ಕೋರು ಹೇಳಿದರು. ಹಣೆಯದು, ದವಡೆಯದು, ತೋಳಿನದು, ಯಾವುದು ಹೊಸದು, ಯಾವುದು ಹಳೆಯದು. ದನಿ ಏರಿಸಲಿಲ್ಲ, ಇಳಿಸಲಿಲ್ಲ. ಕಣ್ಣು ಮುಚ್ಚಿತ್ತು, ತುಟಿ ಸ್ವಲ್ಪ ತೆರೆದಿತ್ತು ಎಂದರು. ತಾಯಿ ನೆಲ ನೋಡುತ್ತಾ ಕೇಳಿಸಿಕೊಂಡರು.

ಆಮೇಲೆ ಆಕೆ ಗೋಡೆಯ ಫೋಟೋದ ಕಡೆ ತಿರುಗಿದರು. “ಹೋದ ವರ್ಷ ಬ್ಯಾಸಿಗೇಲಿ ಬಂದಿದ್ಳು. ಈ ಬಿಸ್ಲಲ್ಲಿ ಉದ್ದ ತೋಳಿನ ಬ್ಲೌಸು. ಸ್ನಾನದ ಮನೆ ಬಾಗ್ಲು ತೆಗೀತಿರ್ಲಿಲ್ಲ. ನಂಗೆ ಗೊತ್ತಾಗಿತ್ತು ಕಣ್ರಮ್ಮ. ಗೊತ್ತಾಗೇ, ಹೊಂದ್ಕೊಂಡು ಹೋಗವ್ವ ಅಂತ ಹೇಳಿ, ಚಟ್ನಿಪುಡಿ ಕಟ್ಟಿಕೊಟ್ಟು ವಿಮಾನ ಹತ್ತಿಸಿದೆ.” ಸೆರಗಿನಿಂದ ಬಾಯಿ ಒತ್ತಿಕೊಂಡರು. “ನೀವು ಬಣ್ಣ ಹಚ್ಚಿ ಕಳ್ಸಿದ್ರೆ ನಾನು ನೋಡ್ತಿದ್ದೆ. ನನ್ ಮಗಳು ಸುಖವಾಗೇ ಇದ್ಳು ಅಂತ ಊರ್ಗೆಲ್ಲಾ ಹೇಳ್ತಿದ್ದೆ. ನಾನೂ ನಂಬ್ತಿದ್ದೆ.”

ಅಕ್ಕೋರು ಮುಂದಕ್ಕೆ ಬಾಗಿ ಆಕೆಯ ಕೈ ಮೇಲೆ ತಮ್ಮ ಕೈ ಇಟ್ಟರು.

“ಆದ್ರೂ ಒಂದ್ಸಲ ನೋಡ್ಬೇಕಿತ್ತು” ಎಂದು ಆ ತಾಯಿ ತಮ್ಮ ಕೈಯನ್ನು ಮೆಲ್ಲಗೆ ಎಳೆದುಕೊಂಡರು.

ರೈಲ್ವೆ ಸ್ಟೇಷನ್ನಿನಲ್ಲಿ ಕೂತಾಗ ಅಕ್ಕೋರು ಒಂದೇ ಮಾತು ಹೇಳಿದರು: “ಆಕಿ ಹೇಳಿದ್ದು ಎರಡೂ ಖರೇ ಐತಿ.”

ಅವರು ಆ ಕೆಲಸ ಬಿಟ್ಟುಬಿಡುತ್ತಾರೆಂದು ನಾನು ಎಣಿಸಿದ್ದೆ. ಬಿಡಲಿಲ್ಲ. ನಿವೃತ್ತರಾಗಿ ವಿಜಾಪುರಕ್ಕೆ ಮರಳುವವರೆಗೂ ಕರೆದಲ್ಲಿಗೆ ಹೋದರು. ಆದರೆ ಹೋಗುವ ರೀತಿ ಬೇರೆಯಾಯಿತು. ಮನೆಯವರು ಹತ್ತಿರವಿದ್ದರೆ ಮೊದಲು ಅವರನ್ನೇ ಒಳಗೆ ಕಳಿಸುತ್ತಿದ್ದರು, ಏನೂ ಹಚ್ಚದ ಮುಖವನ್ನು ನೋಡಿ ಬರಲೆಂದು. ಎಷ್ಟೋ ಜನ ಇದಕ್ಕೆ ಸಿಟ್ಟಾದರು, ಕೆಲವರು ಬೇರೆಯವರನ್ನು ಕರೆಸಿಕೊಂಡರು. ಮನೆಯವರು ದೂರದ ಊರಿನಲ್ಲಿದ್ದರೆ ತಾವೇ ಫೋನು ಮಾಡುತ್ತಿದ್ದರು. ಒಮ್ಮೆ ನಾನು ಪಕ್ಕದಲ್ಲಿದ್ದೆ. ಆ ಕಡೆ ಯಾವುದೋ ಊರಿನ ಒಬ್ಬ ತಾಯಿ. ಅಕ್ಕೋರು ಕಿವಿಗೆ ಫೋನು ಒತ್ತಿಕೊಂಡು, ಕಂಡದ್ದನ್ನು ಕಂಡ ಹಾಗೆ, ನಿಧಾನವಾಗಿ ಹೇಳಿದರು. ಆ ಕಡೆಯ ಅಳು ನನಗೂ ಕೇಳುತ್ತಿತ್ತು. ಅದು ಇಳಿಯುವವರೆಗೆ ಕಾದರು. ಆಮೇಲೆ ಕೇಳಿದರು:

“ಈಗ ನಾ ಬಣ್ಣ ಹಚ್ಚಲೇನ್ರೀ?”

ಆ ಕಡೆಯಿಂದ ಹೂಂ ಎಂದು ಬರುವತನಕ ಅವರು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.